ಜೇಬು ಮತ್ತು ತೂಕ: ಒಂದು ನೋಟ್‌ಬುಕ್ಕಿನ ಅರ್ಥಶಾಸ್ತ್ರ

ದ್ವಿತೀಯ ಪಿಯುಸಿ ತರಗತಿಯಲ್ಲಿ ಬಜೆಟ್ ರೇಖೆಯ ಪಾಠ ನಡೆಯುತ್ತಿತ್ತು. ಗ್ರಾಹಕನ ಕೈಯಲ್ಲಿ 20 ರೂಪಾಯಿ ಇದೆ, ಬಾಳೆಹಣ್ಣಿಗೆ 5 ರೂಪಾಯಿ, ಮಾವಿನಹಣ್ಣಿಗೂ 5 ರೂಪಾಯಿ, ಅವನು ಯಾವ ಯಾವ ಜೋಡಿ ಕೊಳ್ಳಬಹುದು ಎಂದು ಬೋರ್ಡಿನ ಮೇಲೆ ಗೆರೆ ಎಳೆದು ತೋರಿಸುತ್ತಿದ್ದೆ. ಹಿಂದಿನ ಬೆಂಚಿನಿಂದ ಒಬ್ಬ ಕೈ ಎತ್ತಿದ. "ಸರ್, ದುಡ್ಡಿದೆ, ಆದರೆ ತಿನ್ನಬೇಡಿ ಅಂತ ಡಾಕ್ಟ್ರು ಹೇಳಿದಾರೆ. ಆಗ ಗೆರೆ ಎಲ್ಲಿ ಎಳೀಬೇಕು?" ಇಡೀ ಕ್ಲಾಸು ನನ್ನ ಹೊಟ್ಟೆ ನೋಡಿ ನಕ್ಕಿತು. ನಾನೂ ನಕ್ಕೆ. ಆದರೆ ಪ್ರಶ್ನೆ ಒಳ್ಳೆಯದಿತ್ತು. ಗಂಟೆ ಹೊಡೆದದ್ದರಿಂದ ಅಂದು ಉತ್ತರ ಹೇಳಲಾಗಲಿಲ್ಲ. ವಾರ್ತಾಪತ್ರಿಕೆಗೆ ಬರೆದು ಕೊಡುತ್ತೇನೆ ಎಂದಿದ್ದೆ, ಇದು ಆ ಉತ್ತರ.

ಗೆರೆ ಒಂದಲ್ಲ, ಎರಡು. ಒಂದು ಜೇಬಿನದು, ಇನ್ನೊಂದು ದೇಹದ್ದು. ಮೊದಲನೆಯದನ್ನು ರೂಪಾಯಿಯಲ್ಲಿ ಅಳೆಯುತ್ತೇವೆ, ಎರಡನೆಯದನ್ನು ಕ್ಯಾಲೊರಿಯಲ್ಲಿ. ತೂಕ ಇಳಿಸಬೇಕು, ಹಣವನ್ನೂ ಉಳಿಸಬೇಕು ಎನ್ನುವವನು ಎರಡೂ ಗೆರೆಗಳ ಒಳಗೆ ನಿಲ್ಲಬೇಕು. ಕೆಲವು ಕಡೆ ಈ ಎರಡು ಗೆರೆಗಳು ಒಂದರ ಮೇಲೊಂದು ಬೀಳುತ್ತವೆ, ಅಲ್ಲಿ ಕೆಲಸ ಸುಲಭ. ಇನ್ನು ಕೆಲವು ಕಡೆ ಒಂದಕ್ಕೊಂದು ವಿರುದ್ಧವಾಗಿ ಓಡುತ್ತವೆ. ಆ ಜಾಗ ಗೊತ್ತಿಲ್ಲದೆ ಹೊರಟವರು ಹಣವನ್ನೂ ಕಳೆದುಕೊಳ್ಳುತ್ತಾರೆ, ಆರೋಗ್ಯವನ್ನೂ ಕಳೆದುಕೊಳ್ಳುತ್ತಾರೆ. ನಾನೇ ಹಾಗೆ ಕಳೆದುಕೊಂಡವನು.

ಮೊದಲು ಒಂದು ಪರಿಕಲ್ಪನೆ. ಸಮಗ್ರ ಅರ್ಥಶಾಸ್ತ್ರದಲ್ಲಿ ನೀವು ಸಂಗ್ರಹ ಮತ್ತು ಹರಿವು ಎಂಬ ಎರಡು ಮಾತು ಓದುತ್ತೀರಿ. ಹಿರಿಯೂರು ಕಡೆಯಿಂದ ಬರುವವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ವಾಣಿ ವಿಲಾಸ ಸಾಗರ, ಅಂದರೆ ನಮ್ಮ ಮಾರಿಕಣಿವೆಯಲ್ಲಿ ಇವತ್ತು ನಿಂತಿರುವ ನೀರು ಸಂಗ್ರಹ. ವೇದಾವತಿಯಿಂದ ದಿನವೂ ಒಳಗೆ ಬರುವುದು, ಕಾಲುವೆಗೆ ಹೊರಗೆ ಬಿಡುವುದು ಹರಿವು. 1933ರಲ್ಲಿ ಕೋಡಿ ಬಿದ್ದ ಆ ಜಲಾಶಯ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. 89 ವರ್ಷ ಬೇಕಾಯಿತು. ನಮ್ಮ ಅಜ್ಜಂದಿರು ನೋಡಿದ್ದನ್ನು ನಾವು ನೋಡಲು ಜನ ಜಾತ್ರೆಯಂತೆ ಸೇರಿದ್ದರು. ದೇಹದ ತೂಕವೂ ಸಂಗ್ರಹ, ತಿನ್ನುವುದು ಒಳಹರಿವು, ಓಡಾಟ ಮತ್ತು ಉಸಿರಾಟಕ್ಕೆ ಖರ್ಚಾಗುವುದು ಹೊರಹರಿವು. ಒಂದು ಕಿಲೋ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿ ಕೂಡಿರುತ್ತದೆ. ಹತ್ತು ವರ್ಷ ಸ್ವಲ್ಪ ಸ್ವಲ್ಪವೇ ಬಂದು ತುಂಬಿದ್ದನ್ನು ಹತ್ತು ದಿನದಲ್ಲಿ ಖಾಲಿ ಮಾಡಿಸುತ್ತೇನೆ ಎನ್ನುವವನ ಮಾತನ್ನು ಜಲಾಶಯದ ವಿಷಯದಲ್ಲಿ ಯಾರೂ ನಂಬುವುದಿಲ್ಲ. ಹೊಟ್ಟೆಯ ವಿಷಯದಲ್ಲಿ ಮಾತ್ರ ನಂಬುತ್ತೇವೆ.

ನಾನು ನಂಬಿದೆ. ಎರಡು ವರ್ಷದ ಹಿಂದೆ ನನ್ನ ತೂಕ 92 ಕಿಲೋ, ಎತ್ತರ 168 ಸೆಂಟಿಮೀಟರ್. ತೂಕವನ್ನು ಮೀಟರಿನಲ್ಲಿರುವ ಎತ್ತರದ ವರ್ಗದಿಂದ ಭಾಗಿಸಿದರೆ ಬಿಎಂಐ ಸುಮಾರು 32.6. ಭಾರತೀಯ ವಯಸ್ಕರಿಗೆ 23 ದಾಟಿದರೆ ಹೆಚ್ಚು ತೂಕ, 25 ದಾಟಿದರೆ ಸ್ಥೂಲಕಾಯ ಎಂದು ಇಲ್ಲಿನ ವೈದ್ಯರು ಗೆರೆ ಹಾಕಿದ್ದಾರೆ. ಆ ಸಮಯಕ್ಕೆ ಪರಿಚಯದವರೊಬ್ಬರು ಒಂದು ಪುಡಿಯ ಡಬ್ಬ ತೋರಿಸಿದರು. ಬೆಳಿಗ್ಗೆ ತಿಂಡಿಯ ಬದಲು ಒಂದು ಲೋಟ, ರಾತ್ರಿ ಊಟದ ಬದಲು ಒಂದು ಲೋಟ. ಡಬ್ಬಕ್ಕೆ 2,200 ರೂಪಾಯಿ, ತಿಂಗಳಿಗೆ ಎರಡು ಡಬ್ಬ. ಮೂರು ತಿಂಗಳಿಗೆ 13,200 ರೂಪಾಯಿ ಹೋಯಿತು. ನಾಲ್ಕು ಕಿಲೋ ಇಳಿದದ್ದು ನಿಜ. ಪುಡಿ ಬಿಟ್ಟ ಎರಡೇ ತಿಂಗಳಲ್ಲಿ ಐದು ಕಿಲೋ ಏರಿದ್ದೂ ನಿಜ. ಆ 13,200 ರೂಪಾಯಿ ನನ್ನ ಹೆಂಡತಿ ಹೊಲಿಗೆ ಯಂತ್ರ ಕೊಳ್ಳಲೆಂದು ಚೀಟಿ ಹಾಕಿ ಕೂಡಿಸಿದ್ದ ಹಣ. ಕೇಳಿ ತೆಗೆದುಕೊಂಡಿದ್ದೆ, ಆದರೆ ಯಾಕೆಂದು ಸರಿಯಾಗಿ ಹೇಳಿರಲಿಲ್ಲ. ಖಾಲಿ ಡಬ್ಬಗಳಲ್ಲಿ ಅವಳು ಈಗ ಬೇಳೆ ತುಂಬಿಟ್ಟಿದ್ದಾಳೆ. ಅಡುಗೆಮನೆಗೆ ಹೋದಾಗಲೆಲ್ಲ ಕಾಣುತ್ತವೆ. ಅವಕಾಶ ವೆಚ್ಚ ಎಂದರೇನು ಎಂದು ನಿಮಗೆ ಪಾಠ ಮಾಡುವವನಿಗೆ ಅದರ ಅರ್ಥ ಆ ಆರು ಡಬ್ಬಗಳಿಂದ ತಿಳಿಯಬೇಕಾಯಿತು.

ಆಮೇಲೆ ನಾನು ಮಾಡಿದ್ದು ಒಂದೇ ಕೆಲಸ. 100 ಪುಟದ ಒಂದು ನೋಟ್‌ಬುಕ್ ತಂದು ಪ್ರತಿ ಪುಟದಲ್ಲಿ ಎರಡು ಕಲಂ ಹಾಕಿದೆ: ಬಾಯಿಗೆ ಹೋದದ್ದು, ಜೇಬಿನಿಂದ ಹೋದದ್ದು. ಮೊದಲ ತಿಂಗಳು ಏನನ್ನೂ ಬಿಡಲಿಲ್ಲ, ಬರೆದೆ ಅಷ್ಟೆ.

ತಿಂಗಳ ಕೊನೆಗೆ ನೋಡಿದರೆ ಮನೆಯ ಊಟದಲ್ಲಿ ಅಂಥ ತಪ್ಪೇನೂ ಕಾಣಲಿಲ್ಲ. ತಪ್ಪೆಲ್ಲ ಊಟ ಊಟದ ನಡುವೆ ಇತ್ತು. ದಿನಕ್ಕೆ ಐದು ಟೀ, 12 ರೂಪಾಯಿಯಂತೆ 60 ರೂಪಾಯಿ. ಒಂದೊಂದರಲ್ಲಿ ಎರಡು ಚಮಚ ಸಕ್ಕರೆ, ಅಂದರೆ ಸುಮಾರು 10 ಗ್ರಾಂ, ಐದಕ್ಕೆ 50 ಗ್ರಾಂ. ದಿನಕ್ಕೆ 2,000 ಕ್ಯಾಲೊರಿ ತಿನ್ನುವವರು ಸಕ್ಕರೆಯನ್ನು 50 ಗ್ರಾಂ ಒಳಗೆ ಇಡಬೇಕು, ಸಾಧ್ಯವಾದರೆ 25ಕ್ಕೆ ಇಳಿಸಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದ ಲೆಕ್ಕ. ನನ್ನ ಇಡೀ ದಿನದ ಪಾಲು ಟೀ ಅಂಗಡಿಯಲ್ಲೇ ಮುಗಿಯುತ್ತಿತ್ತು. ಬಿಸ್ಕತ್ತು, ಪಾಯಸ, ಶರಬತ್ತು ಎಲ್ಲ ಅದರ ಮೇಲೆ. ಟೀ ಎರಡಕ್ಕೆ ಇಳಿಸಿದೆ, ಒಂದೊಂದೇ ಚಮಚ ಸಕ್ಕರೆ. ಮೊದಲ ವಾರ ತಲೆನೋವು ಬಂತು, ಆಮೇಲೆ ಹೋಯಿತು. ಸಕ್ಕರೆಯ ಲೆಕ್ಕದಲ್ಲೇ ದಿನಕ್ಕೆ 160 ಕ್ಯಾಲೊರಿ ಇಳಿಯಿತು, ಕೆಲಸದ 25 ದಿನಕ್ಕೆ 900 ರೂಪಾಯಿ ಉಳಿಯಿತು.

ಎರಡನೆಯದು ಸಂಜೆಯ ಮಂಡಕ್ಕಿ ಮಿರ್ಚಿ. ಮಂಡಕ್ಕಿಯ ಬಗ್ಗೆ ನನಗೆ ತಕರಾರಿಲ್ಲ, ಅದು ಹಗುರ. ಮಿರ್ಚಿಯದೇ ತೊಂದರೆ. ಅದರಲ್ಲಿ ಎಷ್ಟು ಕ್ಯಾಲೊರಿ ಎಂಬುದು ಬಾಣಲೆಯ ಎಣ್ಣೆ, ಹಿಟ್ಟಿನ ದಪ್ಪ, ಬಿಸಿ ಇವುಗಳ ಮೇಲೆ ಹೋಗುತ್ತದೆ, ಲೆಕ್ಕಕ್ಕೆ ಸಿಗಲಿಲ್ಲ. ಹಣ ಲೆಕ್ಕಕ್ಕೆ ಸಿಕ್ಕಿತು. ಪ್ಲೇಟಿಗೆ 35, ತಿಂಗಳಿಗೆ 25 ಸಂಜೆ. ಅದನ್ನು ವಾರಕ್ಕೊಮ್ಮೆ ಮಾಡಿಕೊಂಡೆ, 735 ರೂಪಾಯಿ ಉಳಿಯಿತು. ಪೂರ್ತಿ ಬಿಡಲಿಲ್ಲ. ಚಿತ್ರದುರ್ಗದಲ್ಲಿದ್ದು ಮಿರ್ಚಿ ಪೂರ್ತಿ ಬಿಡುತ್ತೇನೆ ಎಂದು ಹೇಳಿದವರು ಹದಿನೈದನೆಯ ದಿನ ಬಂಡಿಯ ಮುಂದೆ ನಿಂತಿರುವುದನ್ನು ಸಾಕಷ್ಟು ನೋಡಿದ್ದೇನೆ.

ಮೂರನೆಯದು ಆಟೋ. ಹಿರಿಯೂರಿನಿಂದ ಬಂದು ಬಸ್ ಸ್ಟ್ಯಾಂಡಿನಲ್ಲಿ ಇಳಿದರೆ ಕಾಲೇಜಿಗೆ ಸುಮಾರು ಎರಡು ಕಿಲೋಮೀಟರ್. ಹೋಗಲು 25, ಬರಲು 25. ನಡೆಯಲು ಶುರು ಮಾಡಿದೆ. ನನ್ನ ತೂಕದವನಿಗೆ ನಾಲ್ಕು ಕಿಲೋಮೀಟರ್ ನಡಿಗೆ ಸುಮಾರು 200 ಕ್ಯಾಲೊರಿ ಹೆಚ್ಚು ಖರ್ಚು ಮಾಡಿಸುತ್ತದೆ, ತಿಂಗಳಿಗೆ 1,250 ರೂಪಾಯಿ ಉಳಿಸುತ್ತದೆ. ಜಿಮ್ಮಿಗೆ ಹಣ ಕಟ್ಟಿ ಅಲ್ಲಿಗೆ ಆಟೋದಲ್ಲಿ ಹೋಗುವವರೂ ನಮ್ಮ ನಡುವೆ ಇದ್ದಾರೆ, ಅವರ ಲೆಕ್ಕ ನನಗೆ ಅರ್ಥವಾಗುವುದಿಲ್ಲ. ಬೆಳಿಗ್ಗೆ ಜೋಗಿಮಟ್ಟಿ ರಸ್ತೆಗೆ ಹೋಗಿ ನೋಡಿ, ಅರವತ್ತು ದಾಟಿದವರು ಪುಕ್ಕಟೆ ಏರು ಹತ್ತುತ್ತಿರುತ್ತಾರೆ.

ಇಲ್ಲೊಂದು ಮಾತು ಹುಡುಗಿಯರಿಗೆ. ಶಕ್ತಿ ಯೋಜನೆ 2023ರ ಜೂನ್ 11ರಂದು ಶುರುವಾದ ಮೇಲೆ ಹೊಳಲ್ಕೆರೆ, ಹೊಸದುರ್ಗ, ಹಿರಿಯೂರಿನಿಂದ ಸರ್ಕಾರಿ ಬಸ್ಸಿನಲ್ಲಿ ಬರುವವರಿಗೆ ಟಿಕೆಟ್ ಹಣ ಉಳಿಯಿತು. ಒಂದು ಬೆಲೆ ಇಳಿದಾಗ ಗ್ರಾಹಕರ ನೈಜ ಆದಾಯ ಏರುತ್ತದೆ, ಏರಿದ್ದು ಬೇರೆ ಸರಕಿಗೆ ಹರಿಯುತ್ತದೆ ಎಂದು ಓದಿದ್ದೀರಿ. ಉಳಿದ ಹಣ ಎಲ್ಲಿಗೆ ಹರಿಯಿತು ಎಂದು ಒಂದು ದಿನ ಕ್ಲಾಸಿನಲ್ಲಿ ಕೇಳಿದೆ. ಇಬ್ಬರು ಪುಸ್ತಕ ಅಂದರು, ಒಬ್ಬಳು ಅಮ್ಮಿಗೆ ಕೊಡ್ತೀನಿ ಅಂದಳು. ಉಳಿದವರು ಒಬ್ಬರ ಮುಖ ಒಬ್ಬರು ನೋಡಿಕೊಂಡು "ಪಾನಿಪುರಿ ಸರ್" ಅಂದರು.

ನಗಬೇಡಿ, ಇದು ದೇಶದ ಲೆಕ್ಕವೂ ಹೌದು. ಕೇಂದ್ರ ಸರ್ಕಾರದ 2023-24ರ ಮನೆಬಳಕೆ ವೆಚ್ಚ ಸಮೀಕ್ಷೆಯ ಪ್ರಕಾರ ಹಳ್ಳಿಯ ಮನೆಗಳ ಖರ್ಚಿನಲ್ಲಿ ಆಹಾರದ ಪಾಲು ಶೇ. 47, ಪಟ್ಟಣಗಳಲ್ಲಿ ಸುಮಾರು ಶೇ. 40. ಆ ಆಹಾರದೊಳಗೆ ಅತಿ ದೊಡ್ಡ ಪಾಲು ಅಕ್ಕಿ ರಾಗಿಯದಲ್ಲ, ಹಾಲಿನದೂ ಅಲ್ಲ. ಪಾನೀಯ, ಸಂಸ್ಕರಿಸಿದ ತಿನಿಸು, ಹೊರಗಿನ ತಿಂಡಿ ಇವುಗಳದು. ಹಳ್ಳಿಯಲ್ಲಿ ಒಟ್ಟು ಖರ್ಚಿನ ಶೇ. 9.84, ಪಟ್ಟಣದಲ್ಲಿ ಶೇ. 11.09. ಧಾನ್ಯಗಳಿಗೆ ಹೋಗುವುದು ಹಳ್ಳಿಯಲ್ಲೂ ಶೇ. 5ರಷ್ಟೇ. ಎರಡೂ ಗೆರೆಗಳು ಒಂದರ ಮೇಲೊಂದು ಬೀಳುವ ಜಾಗ ಇದೇ. ಹಣ ಸೋರುವುದೂ ಇಲ್ಲೇ, ಬೇಡದ ಸಕ್ಕರೆ ಎಣ್ಣೆ ಒಳಗೆ ಬರುವುದೂ ಇಲ್ಲೇ. ಉಳಿಸಲು ಹೊರಟವರು ಮೊದಲು ಕೈ ಹಾಕಬೇಕಾದದ್ದು ತಟ್ಟೆಗಲ್ಲ, ಪೊಟ್ಟಣಕ್ಕೆ.

ನಾಲ್ಕನೆಯದು ಮನೆಯೊಳಗಿನ ಎಣ್ಣೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಮಾರ್ಗಸೂಚಿಯ ಮಾದರಿ ತಟ್ಟೆಯಲ್ಲಿ ಒಬ್ಬರಿಗೆ ದಿನಕ್ಕೆ 27 ಗ್ರಾಂ ಎಣ್ಣೆ. ನಮ್ಮ ಮನೆಯ ಐದು ಜನಕ್ಕೆ ಲೆಕ್ಕ ಹಾಕಿದರೆ ತಿಂಗಳಿಗೆ ನಾಲ್ಕೂವರೆ ಲೀಟರ್. ನಾವು ಸುರಿಯುತ್ತಿದ್ದದ್ದು ಆರು. ಚಳ್ಳಕೆರೆಯ ಎಣ್ಣೆ ಗಿರಣಿಗಳ ಪಕ್ಕದ ತಾಲ್ಲೂಕಿನವರಾಗಿ ನಮಗೆ ಶೇಂಗಾ ಎಣ್ಣೆಯ ಮೇಲೆ ಪ್ರೀತಿ ಜಾಸ್ತಿ. ಸೊಪ್ಪಿನ ಪಲ್ಯ ತಳ ಹಿಡಿಯದಂತೆ ಎಣ್ಣೆಯ ಬದಲು ನೀರು ಚಿಮುಕಿಸಿ ಮುಚ್ಚಳ ಮುಚ್ಚುವುದನ್ನು ಮನೆಯಲ್ಲಿ ರೂಢಿ ಮಾಡಿದರು. ಒಂದೂವರೆ ಲೀಟರ್ ಉಳಿಯಿತು, ಸುಮಾರು 225 ರೂಪಾಯಿ. ತಲೆಗೆ ದಿನಕ್ಕೆ 80 ಕ್ಯಾಲೊರಿ.

ಎಲ್ಲ ಕೂಡಿಸಿ. ತಿಂಗಳಿಗೆ 3,110 ರೂಪಾಯಿ ಉಳಿತಾಯ, ದಿನಕ್ಕೆ 440 ಕ್ಯಾಲೊರಿ ವ್ಯತ್ಯಾಸ, ಮಿರ್ಚಿ ಲೆಕ್ಕ ಬಿಟ್ಟು. ಹನ್ನೊಂದು ತಿಂಗಳಿಗೆ ಗುಣಿಸಿ 7,700ರಿಂದ ಭಾಗಿಸಿದರೆ 19 ಕಿಲೋ ಇಳಿಯಬೇಕಿತ್ತು. ಇಳಿದದ್ದು 8. ಈಗ 84. ಉಳಿದ 11 ಕಿಲೋ ಎಲ್ಲಿ ಹೋಯಿತು? ಅರ್ಥಶಾಸ್ತ್ರದ ಪ್ರತಿ ನಿಯಮದ ಮುಂದೆ ಇತರ ಅಂಶಗಳು ಸ್ಥಿರವಾಗಿದ್ದಾಗ ಎಂದು ಬರೆದಿರುತ್ತದಲ್ಲ, ಅಲ್ಲಿ ಹೋಯಿತು. ಇತರ ಅಂಶಗಳು ಸ್ಥಿರವಾಗಿರುವುದಿಲ್ಲ. ದೇಹ ಹಗುರವಾದಂತೆ ಅದರ ಖರ್ಚೂ ಇಳಿಯುತ್ತದೆ. ಟೀ ಬಿಟ್ಟವನು ಮಧ್ಯಾಹ್ನ ಒಂದು ಹಿಡಿ ಅನ್ನ ಹೆಚ್ಚು ಉಣ್ಣುತ್ತಾನೆ. ಶವ್ವಾಲ್ ತಿಂಗಳಲ್ಲಿ ನಾಲ್ಕು ಮದುವೆ ಬಂದವು, ನಾಲ್ಕರಲ್ಲೂ ಬಿರಿಯಾನಿ ಉಂಡೆ. ನನ್ನ ಬಿಎಂಐ ಈಗಲೂ 29.8, ಗೆರೆಯ ಮೇಲೆಯೇ ಇದ್ದೇನೆ. ಹೀಗೆ ನಿಧಾನವಾಗಿ ಇಳಿದದ್ದು ಇನ್ನೂ ಮರಳಿ ಬಂದಿಲ್ಲ ಎಂಬುದಷ್ಟೇ ಪುಡಿಗೂ ಇದಕ್ಕೂ ಇರುವ ವ್ಯತ್ಯಾಸ.

ಇನ್ನು ಎರಡು ಗೆರೆಗಳು ಜಗಳವಾಡುವ ಜಾಗ. ಇದನ್ನು ಗಮನವಿಟ್ಟು ಓದಿ, ಯಾಕೆಂದರೆ ಅಗ್ಗದ್ದನ್ನು ತಿಂದರೆ ತೂಕ ಇಳಿಯುತ್ತದೆ ಎಂದು ನಾನು ಹೇಳುತ್ತಿಲ್ಲ. ಎಷ್ಟೋ ಸಲ ಉಲ್ಟಾ ಆಗುತ್ತದೆ. ಒಂದು ರೂಪಾಯಿಗೆ ಎಷ್ಟು ಕ್ಯಾಲೊರಿ ಸಿಗುತ್ತದೆ ಎಂದು ನಮ್ಮ ಬೀದಿಯ ಅಂಗಡಿಯ ಬೆಲೆಯಲ್ಲಿ ಲೆಕ್ಕ ಹಾಕಿದೆ. ಸಕ್ಕರೆ ಕಿಲೋಗೆ 45 ಎಂದರೆ ರೂಪಾಯಿಗೆ ಸುಮಾರು 89. ಅಕ್ಕಿ 50 ಎಂದರೆ 70. ಎಣ್ಣೆ ಲೀಟರಿಗೆ 150 ಎಂದರೆ 55ರ ಹತ್ತಿರ. ಮೊಟ್ಟೆ 7 ರೂಪಾಯಿ ಎಂದರೆ ಕೇವಲ 10. ಸೌತೆಕಾಯಿ ಸೊಪ್ಪು ಇನ್ನೂ ಕೆಳಗೆ. ಅಂದರೆ ಹೊಟ್ಟೆ ತುಂಬಿಸುವುದು ಅಗ್ಗ, ಪೋಷಣೆ ತುಟ್ಟಿ. ದುಡ್ಡು ಕಡಿಮೆ ಇದ್ದಾಗ ಮನೆಯ ತಟ್ಟೆ ತಾನಾಗಿ ಅನ್ನ, ಸಕ್ಕರೆ, ಎಣ್ಣೆಯ ಕಡೆ ವಾಲುತ್ತದೆ. ಕರ್ನಾಟಕದಲ್ಲಿ ಹತ್ತು ಜನ ಮಹಿಳೆಯರಲ್ಲಿ ಮೂವರು ಹೆಚ್ಚು ತೂಕದವರು, ಅದೇ ರಾಜ್ಯದಲ್ಲಿ ಸುಮಾರು ಅರ್ಧದಷ್ಟು ಮಹಿಳೆಯರಿಗೆ ರಕ್ತಹೀನತೆ ಎಂದು ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೆಯ ಸುತ್ತು ಹೇಳುತ್ತದೆ. ದಪ್ಪಗಿರುವವರು ಚೆನ್ನಾಗಿ ತಿಂದುಂಡವರು ಎಂಬ ನಮ್ಮ ಹಳೆಯ ಲೆಕ್ಕ ತಪ್ಪಾಗುವುದು ಇಲ್ಲಿ.

ಹಾಗೆಂದು ಪಡಿತರದ ಅಕ್ಕಿಯನ್ನು ಬೈಯಬೇಡಿ. ಅನ್ನಭಾಗ್ಯ 2013ರಲ್ಲಿ ಬಂದಾಗ ಬರದ ಜಿಲ್ಲೆಯಾದ ನಮ್ಮಲ್ಲಿ ಎಷ್ಟು ಒಲೆಗಳು ನೆಮ್ಮದಿಯಿಂದ ಉರಿದವು ಎಂಬುದನ್ನು ನಿಮ್ಮ ಮನೆಯ ಹಿರಿಯರನ್ನು ಕೇಳಿ. ಅಕ್ಕಿ ಅಗ್ಗವಾಗಿ ಸಿಕ್ಕಿದ್ದರಿಂದ ಉಳಿದ ಹಣ ಯಾವುದಕ್ಕೆ ಹೋಗಬೇಕು ಎಂಬುದು ಪ್ರಶ್ನೆ. ನಮ್ಮ ಮನೆಯಲ್ಲಿ 3,110ರಲ್ಲಿ 1,100 ರೂಪಾಯಿಯನ್ನು ವಾಪಸ್ ಅಡುಗೆಮನೆಗೇ ಕೊಟ್ಟೆವು: ಸೊಪ್ಪು, ತರಕಾರಿ, ಮೊಟ್ಟೆ, ಹುರುಳಿ, ಋತುವಿನ ಹಣ್ಣು. ಕೈಗೆ ಉಳಿದದ್ದು ತಿಂಗಳಿಗೆ 2,010. ಇದನ್ನು ಮುಚ್ಚಿಟ್ಟು ಮೂರು ಸಾವಿರ ಉಳಿಸಿದೆ ಎಂದು ಹೇಳಿದರೆ ಅದು ಜಾಹೀರಾತಾಗುತ್ತದೆ.

ಸಿರಿಧಾನ್ಯದ ವಿಷಯ ಎಲ್ಲರೂ ಕೇಳುತ್ತಾರೆ. 2023 ಅಂತಾರಾಷ್ಟ್ರೀಯ ಸಿರಿಧಾನ್ಯ ವರ್ಷವಾಗಿತ್ತು. ಅದೇ ವರ್ಷ ಮೈಸೂರಿನ ಡಾ. ಖಾದರ್ ವಲಿ ಅವರಿಗೆ ಪದ್ಮಶ್ರೀ ಬಂತು. ಆಮೇಲಂತೂ ಪಟ್ಟಣದ ಪ್ರತಿ ಅಂಗಡಿಯಲ್ಲಿ ಸಿರಿಧಾನ್ಯದ ಬಿಸ್ಕತ್ತು, ಲಡ್ಡು, ನೂಡಲ್ಸ್. ಮೊದಲು ಒಂದು ತಪ್ಪು ತಿಳಿವಳಿಕೆ ತೆಗೆಯೋಣ. 100 ಗ್ರಾಂ ಅಕ್ಕಿಯಲ್ಲಿ ಸುಮಾರು 355 ಕ್ಯಾಲೊರಿ, ಸಾವೆಯಲ್ಲಿ ಸುಮಾರು 345, ನವಣೆಯಲ್ಲಿ 330, ರಾಗಿಯಲ್ಲಿ 320. ವ್ಯತ್ಯಾಸ ಬಹಳ ಇಲ್ಲ. ಸಹಾಯವಾಗುವುದು ನಾರಿನಿಂದ. ಮುದ್ದೆ ಬೇಗ ಹೊಟ್ಟೆ ತುಂಬಿಸುತ್ತದೆ, ತಡವಾಗಿ ಹಸಿವಾಗುತ್ತದೆ. ಸಕ್ಕರೆ ತುಪ್ಪ ಸುರಿದ ನವಣೆ ಲಡ್ಡು ಮೊದಲಿಗೆ ಲಡ್ಡು, ಆಮೇಲೆ ನವಣೆ.

ಬೆಲೆಯ ಸಂಗತಿ ಇನ್ನೂ ಸ್ವಾರಸ್ಯದ್ದು. ಹೊಸದುರ್ಗದ ಕೆಂಪು ಮಣ್ಣಿನಲ್ಲಿ ಸಾವೆ ಬೆಳೆಯುತ್ತಾರೆ, ನಿಮ್ಮಲ್ಲೇ ಕೆಲವರ ಮನೆ ಹೊಲದಲ್ಲಿ ಇರಬಹುದು. ಕಿರುಧಾನ್ಯ ಬೆಳೆಯುವವರಿಗೆ ರೈತಸಿರಿ ಯೋಜನೆಯಲ್ಲಿ ಹೆಕ್ಟೇರಿಗೆ 10,000 ರೂಪಾಯಿ ಪ್ರೋತ್ಸಾಹಧನವೂ ಉಂಟು. ಹಾಗಿದ್ದೂ ಸಾವೆ ಅಕ್ಕಿ ಅಂಗಡಿಯಲ್ಲಿ ರಾಗಿಗಿಂತ ಎಷ್ಟೋ ಹೆಚ್ಚು ಬೆಲೆ ಯಾಕೆ? ಸಾವೆ, ನವಣೆ, ಹಾರಕಗಳ ಕಾಳಿಗೆ ಗಟ್ಟಿ ಹೊಟ್ಟು ಅಂಟಿಕೊಂಡಿರುತ್ತದೆ. ಅದನ್ನು ತೆಗೆಯಲು ಬೇರೆ ಯಂತ್ರ ಬೇಕು, ತೆಗೆಯುವಾಗ ತೂಕ ಕಳೆಯುತ್ತದೆ, ನುಚ್ಚಾಗುತ್ತದೆ. ರಾಗಿಗೆ ಆ ತೊಂದರೆ ಇಲ್ಲ, ಒಕ್ಕಿದರೆ ಕಾಳು ಬಿಚ್ಚಿಕೊಳ್ಳುತ್ತದೆ, ಬೀದಿಯ ಯಾವ ಹಿಟ್ಟಿನ ಗಿರಣಿಯಲ್ಲೂ ಬೀಸಬಹುದು. ಅದಕ್ಕೇ ಅಗ್ಗ. ಜೊತೆಗೆ 100 ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗೂ ಮೇಲೆ ಕ್ಯಾಲ್ಸಿಯಂ ಇದೆ, ಅಕ್ಕಿಯಲ್ಲಿ ಅದರ ಸಣ್ಣ ಪಾಲೂ ಇಲ್ಲ. ಮನೆಯ ಹೊಲದ ಸಾವೆ ಇದ್ದರೆ ಖಂಡಿತ ಉಣ್ಣಿ. ಕೊಂಡು ಉಣ್ಣಬೇಕಾದವರು ರಾಗಿಗೆ ಬನ್ನಿ, ಬಣ್ಣದ ಪೊಟ್ಟಣಕ್ಕೆ ಹಣ ಕೊಡಬೇಡಿ.

ಪ್ರೋಟೀನ್ ಎಂದ ಕೂಡಲೇ ಹುಡುಗರು ಡಬ್ಬ ಎನ್ನುತ್ತಾರೆ. 16ರಿಂದ 18 ವರ್ಷದ ಹುಡುಗರಿಗೆ ದಿನಕ್ಕೆ ಸುಮಾರು 55 ಗ್ರಾಂ, ಹುಡುಗಿಯರಿಗೆ ಸುಮಾರು 46 ಗ್ರಾಂ ಪ್ರೋಟೀನ್ ಬೇಕು. ಹುರುಳಿ ಕಿಲೋಗೆ 90 ರೂಪಾಯಿಯಂತೆ ಒಂದು ರೂಪಾಯಿಗೆ ಸುಮಾರು 2.4 ಗ್ರಾಂ ಪ್ರೋಟೀನ್ ಸಿಗುತ್ತದೆ. ಶೇಂಗಾ 140ರಂತೆ 1.8 ಗ್ರಾಂ. ಮೊಟ್ಟೆಯಲ್ಲಿ ಒಂದು ಗ್ರಾಂಗಿಂತ ತುಸು ಕಡಿಮೆ, ಆದರೆ ಅದರ ಗುಣಮಟ್ಟ ಎಲ್ಲಕ್ಕಿಂತ ಮೇಲು. ನಾನು ಕೊಂಡ ಪುಡಿಯಲ್ಲಿ ಡಬ್ಬದ ಮೇಲಿನ ಬರಹವನ್ನೇ ನಂಬಿ ಲೆಕ್ಕ ಹಾಕಿದರೂ ರೂಪಾಯಿಗೆ ಒಂದು ಗ್ರಾಂನ ಹತ್ತನೆಯ ಒಂದು ಪಾಲೂ ಇರಲಿಲ್ಲ. ಮುದ್ದೆಗೆ ಹುರುಳಿ ಸಾರು ಎಂಬ ಜೋಡಿಯಲ್ಲಿ ಧಾನ್ಯದ ಕೊರತೆಯನ್ನು ಕಾಳು ತುಂಬುತ್ತದೆ, ಕಾಳಿನ ಕೊರತೆಯನ್ನು ಧಾನ್ಯ. ಶೇಂಗಾ ಮಾತ್ರ ಹಿಡಿಯಲ್ಲಿ ಎಣಿಸಿ ತಿನ್ನಿ, ಅದರ ಅರ್ಧದಷ್ಟು ತೂಕ ಎಣ್ಣೆಯೇ.

ಹೊಳಲ್ಕೆರೆಯ ಒಬ್ಬ ವಿದ್ಯಾರ್ಥಿ ನನ್ನನ್ನು ಚೆನ್ನಾಗಿ ಸಿಕ್ಕಿಸಿದ. "ಸರ್, ನಮ್ಮ ತೋಟದ ತೆಂಗಿನಕಾಯಿ. ಬೆಲೆ ಸೊನ್ನೆ. ಆಗ?" ಮೊದಲ ಗೆರೆಯಲ್ಲಿ ಬೆಲೆ ಸೊನ್ನೆ, ಎರಡನೆಯ ಗೆರೆಯಲ್ಲಿ 100 ಗ್ರಾಂ ಹಸಿ ಕಾಯಿಗೆ ಸುಮಾರು 400 ಕ್ಯಾಲೊರಿ. ಪುಕ್ಕಟೆ ಸಿಕ್ಕಿದ್ದಕ್ಕೆ ದೇಹ ರಿಯಾಯಿತಿ ಕೊಡುವುದಿಲ್ಲ. ಅಷ್ಟೇ ಏಕೆ, ಮೊದಲ ಗೆರೆಯಲ್ಲೂ ಸೊನ್ನೆಯಲ್ಲ, ಮಾರಿದರೆ ಬರುತ್ತಿದ್ದ ಹಣವೇ ಅದರ ಬೆಲೆ. ಅವನು ತಲೆಯಾಡಿಸಿದ, ಒಪ್ಪಿದಂತೆ ಕಾಣಲಿಲ್ಲ.

ರಂಜಾನಿನ ಪುಟಗಳು ನನ್ನ ನೋಟ್‌ಬುಕ್ಕಿನಲ್ಲಿ ಅತ್ಯಂತ ನಾಚಿಕೆಯ ಪುಟಗಳು. ಉಪವಾಸದ ತಿಂಗಳಲ್ಲಿ ನಮ್ಮ ಮನೆಗೆ ಒಂಬತ್ತು ಲೀಟರ್ ಎಣ್ಣೆ ಬಂದಿತ್ತು. ನನ್ನ ತೂಕ ಒಂದೂವರೆ ಕಿಲೋ ಏರಿತ್ತು. ಹಗಲಿಡೀ ಕಟ್ಟಿದ ಹಸಿವನ್ನು ಸಮೋಸಾ, ಪಕೋಡ, ಕೆಂಪು ಶರಬತ್ತಿನಿಂದ ಬಿಡಿಸುತ್ತಿದ್ದೆವು, ತರಾವೀಹ್ ಮುಗಿಸಿ ಬಂದು ಮತ್ತೆ ಕಬಾಬ್. ಹೊಟ್ಟೆಯನ್ನು ಮೂರು ಪಾಲು ಮಾಡುವ ಹದೀಸ್ ನಿಮ್ಮಲ್ಲಿ ಬಹಳ ಜನಕ್ಕೆ ಬಾಯಿಪಾಠ ಇದೆ. ಇಸ್ರಾಫ್, ಅಂದರೆ ದುಂದು, ಎಂಬುದನ್ನು ನಾವು ಮದುವೆಯ ಮಂಟಪಕ್ಕೆ ಅನ್ವಯಿಸುತ್ತೇವೆ, ಇಫ್ತಾರಿನ ದಸ್ತರಖಾನಿಗೆ ಅನ್ವಯಿಸುವುದಿಲ್ಲ. ಕಳೆದ ರಂಜಾನಿನಲ್ಲಿ ಖರ್ಜೂರ, ಕಲ್ಲಂಗಡಿ, ಮಜ್ಜಿಗೆ, ಬೇಯಿಸಿದ ಕಡಲೆಕಾಳು ಇಟ್ಟೆವು, ಸಮೋಸಾ ಜುಮಾ ದಿನ ಮಾತ್ರ. ಮಕ್ಕಳು ಮೊದಲ ಮೂರು ದಿನ ಮುಖ ಊದಿಸಿಕೊಂಡರು. ಎಣ್ಣೆ ಐದು ಲೀಟರಿಗೆ ನಿಂತಿತು. ಉಳಿದ ಹಣವನ್ನು ಏನು ಮಾಡಬೇಕೆಂದು ಮನೆಯಲ್ಲಿ ಚರ್ಚೆಯೇ ಆಗಲಿಲ್ಲ, ಆ ತಿಂಗಳಲ್ಲಿ ಅದಕ್ಕೆ ದಾರಿ ತಾನಾಗಿ ಇರುತ್ತದೆ.

ಈಗ ಈ ಲೇಖನ ಬರೆಯಲು ನಿಜವಾದ ಕಾರಣ. ಕಳೆದ ಅವಧಿಯಲ್ಲಿ ಪ್ರಥಮ ಪಿಯುಸಿಯ ಒಬ್ಬ ವಿದ್ಯಾರ್ಥಿನಿ ಬೆಳಗಿನ ಪ್ರಾರ್ಥನೆಯ ಹೊತ್ತಿಗೆ ತಲೆ ತಿರುಗಿ ಬಿದ್ದಳು. ಅವಳನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ, ಗುರುತು ಸಿಗುವ ವಿವರ ಬಿಟ್ಟಿದ್ದೇನೆ. ಬಸ್ ತಪ್ಪಬಾರದೆಂದು ಮನೆಯಲ್ಲಿ ತಿಂಡಿ ತಿನ್ನುತ್ತಿರಲಿಲ್ಲ ಎಂದು ಮೊದಲು ಹೇಳಿದಳು. ಆಮೇಲೆ ನಮ್ಮ ಜೀವಶಾಸ್ತ್ರದ ಮೇಡಂ ಪಕ್ಕದಲ್ಲಿ ಕೂರಿಸಿಕೊಂಡು ಕೇಳಿದಾಗ ಪೂರ್ತಿ ಬಂತು. ಮನೆಯಲ್ಲಿ ಮಧ್ಯಾಹ್ನಕ್ಕೆಂದು ದಿನಕ್ಕೆ 40 ರೂಪಾಯಿ ಕೊಡುತ್ತಿದ್ದರು. ಎರಡು ತಿಂಗಳಿಂದ ಅದನ್ನು ಎತ್ತಿಡುತ್ತಿದ್ದಳು. ಅಕ್ಕನ ನಿಕಾಹ್‌ಗೆ ಮುಂಚೆ ತೆಳ್ಳಗಾಗಬೇಕು, ಹಣವೂ ಕೂಡುತ್ತದೆ, ಆ ಹಣದಲ್ಲಿ ತೂಕ ಇಳಿಸುವ ಪುಡಿಯ ಡಬ್ಬ ಕೊಳ್ಳಬಹುದು. ಲೆಕ್ಕ ನೋಡಿ, ಎಷ್ಟು ಅಚ್ಚುಕಟ್ಟಾಗಿದೆ. ಎರಡೂ ಗೆರೆಯ ಒಳಗೇ ಇದ್ದಾಳೆ. ಮೇಡಂ ಅವಳ ಎತ್ತರ, ತೂಕ, ವಯಸ್ಸನ್ನು ಪಟ್ಟಿಯಲ್ಲಿ ಇಟ್ಟು ನೋಡಿದರೆ ತೂಕ ಸರಿಯಾಗಿಯೇ ಇತ್ತು. ರಕ್ತ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ ಕಡಿಮೆ ಬಂತು.

ಅವಳ ಜೊತೆ ಮಾತಾಡಿದ ದಿನ ನನಗೆ ಮನೆಯ ಆರು ಡಬ್ಬಗಳು ನೆನಪಾದವು. ನಾನು ನಲವತ್ತು ದಾಟಿ ಮಾಡಿದ ತಪ್ಪನ್ನು ಅವಳು ಹದಿನಾರರಲ್ಲಿ ಹಸಿದುಕೊಂಡು ಮಾಡಲು ಹೊರಟಿದ್ದಳು. ಆದ್ದರಿಂದ ಮೇಲಿನ ಲೆಕ್ಕಗಳಲ್ಲಿ ನಿಮಗೆ ಯಾವುದು ಅನ್ವಯಿಸುತ್ತದೆ, ಯಾವುದು ಇಲ್ಲ ಎಂಬುದನ್ನು ಸ್ಪಷ್ಟವಾಗಿ ಹೇಳಬೇಕು. 23, 25 ಎಂಬ ಬಿಎಂಐ ಗೆರೆಗಳು ವಯಸ್ಕರವು. ನಿಮ್ಮ ವಯಸ್ಸಿಗೆ ಬೇರೆ ಪಟ್ಟಿ ಇದೆ, ಹುಡುಗರಿಗೆ ಒಂದು, ಹುಡುಗಿಯರಿಗೆ ಒಂದು, ಅದನ್ನು ವೈದ್ಯರು ನೋಡಬೇಕು. ನಿಮ್ಮ ಮೂಳೆ, ಸ್ನಾಯು, ರಕ್ತ ಇನ್ನೂ ಬೆಳೆಯುತ್ತಿವೆ. ಊಟ ಬಿಟ್ಟು ಉಳಿಸಿದ ಹಣ ಉಳಿತಾಯವಲ್ಲ, ಅದು ಮುಂದಿನ ವರ್ಷಗಳಿಂದ ತೆಗೆದ ಸಾಲ. ತೂಕದ ಚಿಂತೆ ನಿಜವಾಗಿಯೂ ಇದ್ದರೆ ಸರ್ಕಾರಿ ಆಸ್ಪತ್ರೆಗಳಲ್ಲಿ ಹದಿಹರೆಯದವರಿಗಾಗಿ ಸ್ನೇಹ ಕ್ಲಿನಿಕ್ ಇದೆ, ಹಣ ಕೊಡಬೇಕಾಗಿಲ್ಲ. ಕಬ್ಬಿಣಾಂಶದ ಮಾತ್ರೆಯೂ ಪುಕ್ಕಟೆ ಸಿಗುತ್ತದೆ. ಕಾಲೇಜಿನಲ್ಲಿ ವಾರಕ್ಕೊಮ್ಮೆ ಕೊಡುವಾಗ ಕಿಟಕಿಯಿಂದ ಹೊರಗೆ ಎಸೆಯುವವರು ಯಾರೆಂದು ನಮಗೆ ಗೊತ್ತು.

ಆ ವಿದ್ಯಾರ್ಥಿನಿ ಈಗ ಮನೆಯಿಂದ ಡಬ್ಬಿ ತರುತ್ತಾಳೆ. ಮುದ್ದೆ ತರಲು ಮುಜುಗರ ಎಂದಳು, ಆದ್ದರಿಂದ ರಾಗಿ ರೊಟ್ಟಿ, ಮೊಟ್ಟೆ ಪಲ್ಯ. 40 ರೂಪಾಯಿಯಲ್ಲಿ 15 ಮನೆಯ ಅಡುಗೆಗೆ ವಾಪಸ್, 25 ಅವಳ ಅಂಚೆ ಕಚೇರಿ ಖಾತೆಗೆ. ನಮ್ಮ ಮನೆಗೆ ಏಳನೆಯ ತಿಂಗಳಿಗೆ ಹೊಲಿಗೆ ಯಂತ್ರ ಬಂತು. ಅದರ ಮೇಲೆ ಮೊದಲು ನಡೆದ ಕೆಲಸ ನನ್ನ ಎರಡು ಪ್ಯಾಂಟುಗಳ ಸೊಂಟ ಒಳಗೆ ಹಿಡಿದದ್ದು, ಕೂಲಿ ಕೇಳಲಿಲ್ಲ.

ಪಾಠ ಎಂದ ಮೇಲೆ ಮನೆಗೆಲಸ ಇರಬೇಕು. ದ್ವಿತೀಯ ಪಿಯುಸಿಯವರು ಯೋಜನಾ ಕಾರ್ಯಕ್ಕೆ ಇದನ್ನೇ ತೆಗೆದುಕೊಳ್ಳಬಹುದು. ಏಳು ದಿನ, ಎರಡು ಕಲಂ. ಮನೆಯ ಹೊರಗೆ ತಿಂದು ಕುಡಿದದ್ದು, ಅದಕ್ಕೆ ಕೊಟ್ಟ ಹಣ. ಮನೆಯ ಊಟವನ್ನು ಬರೆಯಬೇಡಿ, ಅದಕ್ಕೆ ಕೈ ಹಚ್ಚಲೂ ಬೇಡಿ. ತೂಕವನ್ನಂತೂ ಬರೆಯಲೇಬೇಡಿ, ನಾನು ನೋಡುವುದಿಲ್ಲ. ಎಂಟನೆಯ ದಿನ ಒಟ್ಟು ಹಾಕಿ, 52ರಿಂದ ಗುಣಿಸಿ, ಆ ಮೊತ್ತದಲ್ಲಿ ನಿಮ್ಮ ಮನೆಗೆ ಬೇಕಾಗಿರುವ ಯಾವ ವಸ್ತು ಬರುತ್ತದೆ ಎಂದು ಅಮ್ಮಿಯನ್ನೋ ಅಮ್ಮನನ್ನೋ ಕೇಳಿ ಕೆಳಗೆ ಬರೆಯಿರಿ. ನೋಟ್‌ಬುಕ್ಕುಗಳನ್ನು ಸ್ಟಾಫ್ ರೂಮಿನ ನನ್ನ ಮೇಜಿನ ಮೇಲೆ ಇಡಿ. ಮಧ್ಯಾಹ್ನದ ಬಿಡುವಿನಲ್ಲಿ ಬರುವವರು ಊಟ ಮುಗಿಸಿ ಬನ್ನಿ.